ಹತ್ತೊಂಬತ್ತು ನಿಮಿಷದ ಅಜ್ಜಿ

ಸಮಸ್ತ ಗಿರಾಕಿ ಬಾಂಧವರ ಗಮನಕ್ಕೆ ಅತ್ಯಂತ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ, ಉಡುಪಿಯ ಡೈನಾ ಟೈಲರ್ಸ್ ಅಂಗಡಿಯಿಂದ ಸೋಮವಾರ ಕಾಣೆಯಾಗಿದ್ದ ಹಳದಿ ಬಣ್ಣದ ಅಳತೆ ಟೇಪು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸುರಕ್ಷಿತವಾಗಿ ಪತ್ತೆಯಾಯಿತು. ಕೆಮ್ಮಣ್ಣು ಊರಿನ ಗಿರಾಕಿಯೊಬ್ಬರು ಹೊಸ ರವಕೆ ಬೆನ್ನಿಗೆ ಒತ್ತುತ್ತದೆ ಎಂದು ವಾಪಸು ತಂದಿದ್ದರು. ಲೈನಿಂಗ್ ಬಿಚ್ಚಿದಾಗ ಟೇಪು ಒಳಗೆ ನಾಲ್ಕು ಮಡಿಕೆಯಾಗಿ ಮಲಗಿತ್ತು. ಅದನ್ನು ಒಳಗಿಟ್ಟು ಹೊಲಿದ ಆರೋಪಿ, ಇಪ್ಪತ್ತೆರಡು ವರ್ಷಗಳಿಂದ ಆ ಅಂಗಡಿಯಲ್ಲಿ ಕಾಜಾ ಮಾಡುತ್ತ ಗುಂಡಿ ಹಚ್ಚುತ್ತ ಬಂದಿರುವ ಕಿಟ್ಟ. ಅಂದರೆ ನಾನು.

“ಒಳಗೆ ಎಂತಾದರೂ ಇದ್ದರೆ ಹೊಲಿಗೆಯೇ ಹೇಳ್ತದೆ ಕಿಟ್ಟ,” ಎಂದರು ಡೈನಾ ಬಾಯಿ. ಬೈಯಲಿಲ್ಲ. ಹೆಸರಿನಲ್ಲಿ ಬಾಯಿ ಇದ್ದರೂ ಅವರು ಬಾಯಿ ಬಿಡುವುದು ಕಡಿಮೆ, ಕಣ್ಣು ಬಿಡುವುದೇ ಹೆಚ್ಚು. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬರುವ ಎಸ್.ಐ. ಸಾಹೇಬರು ಬಿಗಿಯಾದ ಕೇಸೊಂದನ್ನೂ ಜತೆಗೆ ಕೌಂಟರಿನ ಮೇಲಿಟ್ಟು ಹೋಗುವುದುಂಟು. ಬಾಯಿ ಎರಡನ್ನೂ ಶನಿವಾರದೊಳಗೆ ಬಿಚ್ಚಿ ಕೊಡುತ್ತಾರೆ.

ಅಂದು ಆಟಿ ಅಮಾವಾಸ್ಯೆ. ಸೂರ್ಯ ಏಳುವ ಮೊದಲು, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಗುದ್ದಿ ತೆಗೆದ ಪಾಲೆ ಮರದ ತೊಗಟೆಯನ್ನು ಅರೆದು ಕಷಾಯ ಮಾಡಿ ಬರೀ ಹೊಟ್ಟೆಗೆ ಕುಡಿಯುವ ದಿನ. ಕುಡಿದರೆ ವರ್ಷವಿಡೀ ರೋಗ ಬರುವುದಿಲ್ಲವಂತೆ. ಮೇಲಿಂದ ಮೆಂತೆ ಗಂಜಿ ಉಂಡರೂ ಮಧ್ಯಾಹ್ನದವರೆಗೆ ನನ್ನ ನಾಲಿಗೆಗೆ ಏನೂ ಗೊತ್ತಾಗುತ್ತಿರಲಿಲ್ಲ. ಮರ ಕುಡಿದವನ ನಾಲಿಗೆ ಮರಗಟ್ಟದೆ ಇನ್ನೇನು?

ಹನ್ನೆರಡು ಗಂಟೆಗೆ ಕೊಡೆ ಮಡಚಿ ಒಳಗೆ ಬಂದವಳು ಎಲ್ಲೂರಿನ ಆಶ್ರಿತಾ. ನಮ್ಮ ಊರುಗಳ ಹಾಡು, ಅಡುಗೆಗಳ ಮೇಲೆ ಎರಡು ವರ್ಷದಿಂದ ಸಾಕ್ಷ್ಯಚಿತ್ರ ಮಾಡುತ್ತಿದ್ದ ಹುಡುಗಿ. ಸ್ಟೂಲಿನ ಮೇಲೆ ಕುಳಿತು, ಬಸ್ಸಿನ ಬೋರ್ಡು ಓದಿದ ಹಾಗೆ ಹೇಳಿದಳು:

“ಬಾಯಿ, ನನ್ನ ಅಜ್ಜಿ ಕಾಣೆಯಾಗಿದ್ದಾರೆ.”

ನಾನು ಸೂಜಿ ಕೆಳಗಿಟ್ಟೆ. “ಅಪ್ಪಿ ಅಜ್ಜಿಯಾ? ಅವರು ತೀರಿಹೋದರಲ್ಲ ಮಗಾ, ಮೊನ್ನೆ?”

“ಹೌದು ಕಿಟ್ಟಣ್ಣ. ನಾಳೆಗೆ ಹದಿಮೂರು ದಿನ, ಬೊಜ್ಜದ ಊಟ. ಕಾಣೆಯಾದದ್ದು ಇವತ್ತು.”

ಅವಳ ಕಣ್ಣು ಒಣಗಿತ್ತು. ಅತ್ತು ಒಣಗಿದ್ದಲ್ಲ, ಅಳುವ ಸರದಿ ಇನ್ನೂ ಬಂದೇ ಇಲ್ಲ ಎಂಬಂತಿತ್ತು. ಬಾಯಿ ಚಹಾ ತರಿಸಿದರು. ಅವಳು ಸಕ್ಕರೆ ಉಂಟಾ ಇಲ್ಲವಾ ಎಂದೂ ನೋಡದೆ ಕುಡಿದಳು.

ಸಂಗತಿ ಹೀಗಿತ್ತು. ಅಪ್ಪಿ ಅಜ್ಜಿಗೆ ನಾಟಿಯ ಉದ್ದದ ಹಾಡೊಂದು ಪೂರ್ತಿ ಬರುತ್ತಿತ್ತು. ಆ ಸುತ್ತಿನಲ್ಲಿ ಮತ್ತೆ ಯಾರಿಗೂ ಬರುತ್ತಿರಲಿಲ್ಲ. ಹದಿನೆಂಟು ದಿನದ ಹಿಂದೆ ಎಲ್ಲೂರಿನ ಗದ್ದೆಯಲ್ಲಿ ಅವರು ಹಾಡಿದರು, ನೇಜಿ ನೆಡುವ ಹೆಂಗಸರು ಓಗೊಟ್ಟರು. ಕಾರ್ಕಳದ ರಿತೇಶ್ ಕ್ಯಾಮೆರಾ ಹಿಡಿದ. ಕಾಪುವಿನ ಸಫ್ರಾಝ್ ಬೇರೆ ಯಂತ್ರದಲ್ಲಿ ಸ್ವರ ಹಿಡಿದ. ಸಂಜೆ ಮುಖವನ್ನೂ ಸ್ವರವನ್ನೂ ಬೆಂಕಿಪೊಟ್ಟಣದಷ್ಟು ಸಣ್ಣ ಒಂದೇ ಡಿಸ್ಕಿಗೆ ಹಾಕಿ, ಮರುದಿನದ ಶೂಟಿಂಗಿಗೆಂದು ಕಾರ್ಡುಗಳನ್ನು ಒರೆಸಿದರು. ಆ ಡಿಸ್ಕು ಈಗ ಇಲ್ಲ.

“ಇನ್ನೊಂದು ಕಾಪಿ?” ಬಾಯಿ ಕೇಳಿದರು.

“ರಿತೇಶ್ ಮಾಡ್ತೇನೆ ಅಂದಿದ್ದ. ಮರುದಿನವೇ ಅಜ್ಜಿಗೆ ಜ್ವರ ಬಂತು. ಮತ್ತೆ ಆಸ್ಪತ್ರೆ. ಮತ್ತೆ ಎಲ್ಲ ಮುಗೀತು.”

“ನೀನು ನೋಡಿದ್ದೀಯಾ, ತೆಗೆದದ್ದನ್ನು?”

“ಇಲ್ಲ ಬಾಯಿ. ಆಗ್ಲಿಲ್ಲ. ಸಿನಿಮಾದ ಉಳಿದದ್ದೆಲ್ಲ ಜೋಡಿಸಿ ಲ್ಯಾಪ್‌ಟಾಪಿನಲ್ಲಿಟ್ಟಿದ್ದೇನೆ. ಮಧ್ಯದಲ್ಲಿ ಅಜ್ಜಿಗೆ ಹತ್ತೊಂಬತ್ತು ನಿಮಿಷ ಖಾಲಿ ಬಿಟ್ಟಿದ್ದೆ. ನಿನ್ನೆ ಸಂಜೆ ಇಬ್ಬರಿಗೂ ಹೇಳಿದೆ, ನಾಳೆ ಬೆಳಿಗ್ಗೆ ಅಜ್ಜಿಯನ್ನು ಅಲ್ಲಿ ಕೂರಿಸ್ತೇನೆ ಅಂತ. ಎಂಟು ಗಂಟೆಗೆ ಕೋಣೆಯ ಬೀಗ ತೆಗೆದರೆ ಡಿಸ್ಕೇ ಇಲ್ಲ. ನಾಳೆ ಸಂಜೆ ಐದಕ್ಕೆ ಚಿತ್ರೋತ್ಸವಕ್ಕೆ ಕಳಿಸುವ ಕೊನೆಯ ಗಳಿಗೆ. ಆದರೆ ಅದು ಮುಖ್ಯ ಅಲ್ಲ.”

“ಮತ್ತೆ ಎಂತ ಮುಖ್ಯ?”

“ಅವರ ಸ್ವರ ಬೇರೆ ಎಲ್ಲಿಯೂ ಇಲ್ಲ. ಫೋನಿನಲ್ಲಿ ಕೂಡ ಇಲ್ಲ. ಫೋನು ಕೊಟ್ಟರೆ ಅಜ್ಜಿ ಮಾತಾಡ್ತಿರಲಿಲ್ಲ, ಬರೀ ತಲೆ ಆಡಿಸ್ತಿದ್ರು.”

ಬಾಯಿ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದರು. ಅಂಗಡಿಯ ಶಟರು ಅರ್ಧಕ್ಕೆ ಇಳಿಯಿತು.

ಮಣಿಪಾಲದಲ್ಲಿ ಅವರು ಸಿನಿಮಾ ಜೋಡಿಸುವ ಕೋಣೆ ಒಂದು ಝೆರಾಕ್ಸ್ ಅಂಗಡಿಯ ಮೇಲಿತ್ತು. ಕೆಳಗೆ ಎಲ್ಲದಕ್ಕೂ ಕಾಪಿ ತೆಗೆದುಕೊಡುತ್ತಿದ್ದರು, ಮೇಲೆ ಒಂದಕ್ಕೂ ಕಾಪಿ ಇರಲಿಲ್ಲ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರಲ್ಲಿ: ಆಶ್ರಿತಾ, ರಿತೇಶ್, ಸಫ್ರಾಝ್. ಮೇಜಿನ ಮೇಲೆ ದೊಡ್ಡ ಬೆಲೆಯ ಲೆನ್ಸು ಇದ್ದಲ್ಲೇ ಇತ್ತು. ಅದರ ಪಕ್ಕ ‘ಪತ್ರೊಡೆ’ ಎಂದು ಚೀಟಿ ಅಂಟಿಸಿದ ಡಿಸ್ಕೂ ಇತ್ತು. ಹೋದದ್ದು ‘ಅಜ್ಜಿ’ ಎಂದು ಬರೆದದ್ದು ಮಾತ್ರ.

“ಆಯ್ದು ತೆಗೆದ ಕಳ್ಳ,” ಎಂದರು ಬಾಯಿ.

ಹಿಂದಿನ ರಾತ್ರಿ ಆಶ್ರಿತಾ ಎಲ್ಲೂರಿನ ಸೂತಕದ ಮನೆಯಲ್ಲಿ ಹತ್ತು ಜನರ ಮಧ್ಯೆ ಮಲಗಿದ್ದಳು. ಸಫ್ರಾಝ್ ತನ್ನ ಕತೆಯನ್ನು ತಾನೇ ಹೇಳಿದ. “ಬೆಳಿಗ್ಗೆ ಮಸೀದಿ. ಮತ್ತೆ ಬಾಪನ ಅಂಗಡಿ ತೆರೆಯಲಿಕ್ಕೆ ಹೋದೆ. ಅದಕ್ಕೂ ಮೊದಲು ಮನೆಯಲ್ಲಿ ಎಂಟು ಜನ ನನ್ನ ಗೊರಕೆ ಕೇಳಿದ್ದಾರೆ. ಅರ್ಧ ಕಾಪು ನನ್ನನ್ನು ನೋಡಿದೆ ಬಾಯಿ. ಉಳಿದರ್ಧಕ್ಕೆ ಕನ್ನಡಕ ಬೇಕು.”

ರಿತೇಶನದು ಎಲ್ಲರಿಗಿಂತ ಗಟ್ಟಿ ಸಾಕ್ಷಿ. ಅಮಾವಾಸ್ಯೆಯ ತೊಗಟೆ ತೆಗೆಯುವುದನ್ನು ಹಿಡಿಯಲು ಆಶ್ರಿತಾ ಅವನನ್ನು ಬಜಗೋಳಿಗೆ ಕಳಿಸಿದ್ದಳು. “ರಾತ್ರಿಯೇ ತೊಗಟೆ ತೆಗೆಯುವ ಬೂಬಜ್ಜನ ಜಗಲಿಯಲ್ಲಿ ಮಲಗಿದೆ. ನಾಲ್ಕೂವರೆಗೆ ಎದ್ದು ಶೂಟ್ ಮಾಡಿದೆ. ನೋಡಿ, ಕ್ಯಾಮೆರಾದಲ್ಲೇ ದಿನ, ಗಂಟೆ ಉಂಟು,” ಎಂದು ಪರದೆ ತಿರುಗಿಸಿದ. ನೀಲಿ ಕತ್ತಲೆ. ಮುದುಕನ ಬೆನ್ನು. ಮರ. ಆಮೇಲೆ ಗೆರಸೆಯಲ್ಲಿ ತೊಗಟೆಯ ತುಂಡುಗಳು, ಒಂದೊಂದೂ ಕಾಲರಿನ ಪೀಸಿನಂತೆ ನೇರ ಅಂಚಿನವು.

“ಒಳ್ಳೆ ಕಟಿಂಗ್,” ಎಂದರು ಬಾಯಿ.

“ಥ್ಯಾಂಕ್ಸ್ ಬಾಯಿ. ಎಡಿಟಿಂಗ್ ಇನ್ನೂ ಆಗಿಲ್ಲ.”

ಬಾಯಿ ನಕ್ಕಂತೆ ಮಾಡಿ ಅವನ ಕ್ಯಾಮೆರಾ ಚೀಲದ ಒಳಬದಿಯನ್ನು ಸವರಿದರು. ಗಿರಾಕಿಯ ಬಟ್ಟೆ ಮುಟ್ಟದೆ ಮಾತಾಡಲು ಅವರಿಗೆ ಬರುವುದಿಲ್ಲ. “ಇದು ಯಾರು ಹೊಲಿದದ್ದು ಮಾರಾಯ?”

“ಅಮ್ಮ. ಹರಿದಿತ್ತು.”

“ನೀಲಿ ಬಟ್ಟೆಗೆ ಕಪ್ಪು ನೂಲಾ? ಅಮ್ಮನ ಕಣ್ಣು ಡಾಕ್ಟರಿಗೆ ತೋರಿಸು.” ಆಮೇಲೆ ಎಲ್ಲರ ಕಡೆ ತಿರುಗಿ, “ಅವತ್ತು ಹಾಡು ಮುಗಿದ ಮೇಲೆ ಎಂತ ಆಯ್ತು ಹೇಳಿ,” ಎಂದರು.

“ಎಂತ ಇಲ್ಲ,” ಎಂದಳು ಆಶ್ರಿತಾ. “ಅಜ್ಜಿ ತನ್ನ ಮುಖ ತೋರಿಸು ಅಂದ್ರು. ಮೂರು ಸಲ ಕೇಳಿದ್ರು. ರಿತೇಶ್ ಎಲ್ಲರಿಗೂ ತೋರಿಸ್ತಾನೆ, ಅವನ ಅಭ್ಯಾಸ ಅದು. ಅವತ್ತು ಬ್ಯಾಟರಿ ಮುಗಿದಿತ್ತು.”

ರಿತೇಶ್ ಲೆನ್ಸು ಒರೆಸುತ್ತಿದ್ದ.

ಇಳಿಯುವಾಗ ಮೆಟ್ಟಿಲಲ್ಲಿ ಸಫ್ರಾಝ್ ನಮ್ಮ ಜತೆ ಬಂದ. “ಪತ್ರೊಡೆ ತೆಗೆದದ್ದು ಯಾವತ್ತು?” ಎಂದು ಬಾಯಿ ಸುಮ್ಮನೆ ಕೇಳಿದರು.

“ಅದೇ ದಿನ ಬಾಯಿ. ಗದ್ದೆಯಿಂದ ಸೀದಾ ಅಡುಗೆಮನೆಗೆ. ಅರ್ಧ ಗಂಟೆ ತೆಗೆದೆವು. ಕೆಸುವಿನ ಎಲೆಯ ಸುರುಳಿ ಬಿಚ್ಚುವ ಶಾಟ್ ಲಾಯ್ಕುಂಟು.”

ಬಸ್ಸಿನಲ್ಲಿ ಬಾಯಿ ಆಶ್ರಿತಾಳ ಮಾವ ದೇವದಾಸರಿಗೆ ಫೋನು ಮಾಡಿದರು. ಅಪ್ಪಿ ಅಜ್ಜಿಯ ಒಬ್ಬನೇ ಮಗ. ಈ ಸಿನಿಮಾ ಮೊದಲಿನಿಂದಲೂ ಅವರಿಗೆ ಆಗಿಬರುತ್ತಿರಲಿಲ್ಲ ಎಂದು ಆಶ್ರಿತಾ ಹೇಳಿದ್ದಳು. ಸ್ಪೀಕರು ಹಾಕದಿದ್ದರೂ ಅವರ ಸ್ವರ ಕಂಡಕ್ಟರಿಗೂ ಕೇಳುತ್ತಿತ್ತು.

“ಕದ್ದವ ಸಿಕ್ಕಿದ್ರೆ ನಾಳೆ ಊಟಕ್ಕೆ ಕರ್ಕೊಂಡು ಬನ್ನಿ ಬಾಯಿ, ಪಾಯಸ ಎರಡು ಸಲ ಬಡಿಸ್ತೇನೆ. ಅಮ್ಮ ಹಾಡಿದ್ದು ಗದ್ದೆಗೆ. ಅದನ್ನು ತುಂಡು ಮಾಡಿ, ಮೇಲೆ ಇನ್ಯಾರದ್ದೋ ಮುಖ ಹಚ್ಚಿ, ಎಸಿ ಹಾಲಿನಲ್ಲಿ ಹಾಕ್ಲಿಕ್ಕೆ ಅಲ್ಲ.”

“ಅಂದರೆ ನೀವು ತೆಗೆದದ್ದಲ್ಲ?”

“ನಾನು ತೆಗೆದಿದ್ರೆ ಮೈಕ್ ಹಾಕಿ ಹೇಳ್ತಿದ್ದೆ.”

“ಇವರೇ,” ಎಂದೆ ನಾನು ಫೋನಿಟ್ಟ ಮೇಲೆ. “ಆಶ್ರಿತಾ ಮಲಗಿದಾಗ ಬೀಗದ ಕೈ ತೆಗೆದಿರ್ತಾರೆ.”

“ಕಿಟ್ಟ, ನಿನ್ನ ಬುದ್ಧಿಗೆ ಕಾಜಾ ಉಂಟು, ಗುಂಡಿ ಇಲ್ಲ,” ಎಂದು ಬಾಯಿ ಕಿಟಕಿಯ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾವು ಕಾರ್ಕಳ ದಾಟಿ ಬಜಗೋಳಿಯಲ್ಲಿ ಇಳಿದೆವು. ಬೂಬಜ್ಜ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ನಾನು ಜಂಕ್ಷನ್ನಿನ ಹೋಟೆಲಿನಲ್ಲಿ ಗೋಳಿಬಜೆ ಮುಗಿಸಿ ಬರುವಷ್ಟರಲ್ಲಿ ಇಬ್ಬರ ಮಾತು ಮುಗಿದಿತ್ತು. ಪತ್ತೇದಾರಿಕೆಯ ಮುಖ್ಯ ಗಳಿಗೆಗಳಲ್ಲಿ ನನ್ನ ಬಾಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ.

ಬಾಯಿ ಪಾಲೆ ಮರದ ಮುಂದೆ ನಿಂತಿದ್ದರು. ಕಾಂಡದಲ್ಲಿ ಎರಡು ಗಾಯಗಳಿದ್ದವು. ಮೇಲಿನದು ಚೌಕಾಕಾರ, ಅಂಚು ನೇರ, ಒಣಗಿ ಕಂದಾಗಿತ್ತು. ಕೆಳಗಿನದು ಜಜ್ಜಿ ನಾರು ನಾರಾಗಿತ್ತು, ಹಾಲು ಇನ್ನೂ ಪೂರ್ತಿ ಆರಿರಲಿಲ್ಲ.

“ಬೂಬಣ್ಣ, ಬೊಜ್ಜಕ್ಕೆ ನಮ್ಮ ಜತೆ ಬನ್ನಿ,” ಎಂದರು ಬಾಯಿ.

“ಅಪ್ಪಿಯಕ್ಕನ ಹಾಡು ನಾನೂ ಕೇಳಿದ್ದೇನೆ. ಬರ್ತೇನೆ,” ಎಂದು ಬೂಬಜ್ಜ ಹೆಗಲಿಗೆ ಬೈರಾಸು ಹಾಕಿಕೊಂಡರು.

ಎಲ್ಲೂರಿನ ಮನೆಯಲ್ಲಿ ಊಟ ಮುಗಿಯುವಾಗ ಎರಡೂವರೆ. ಚಾವಡಿಯಲ್ಲಿ ಅಪ್ಪಿ ಅಜ್ಜಿಯ ಪಟಕ್ಕೆ ಹೂ ಹಾಕಿದ್ದರು. ಮನೆಯಲ್ಲಿ ಅವರದ್ದು ಬೇರೆ ಪಟವೇ ಇರಲಿಲ್ಲವಾದ್ದರಿಂದ ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿದ್ದರು. ಆ ಕಾರ್ಡಿನಲ್ಲಿ ಯಾರಿಗೂ ತನ್ನ ಮುಖ ಬಂದದ್ದಿಲ್ಲ, ಅಜ್ಜಿಗೂ ಬಂದಿರಲಿಲ್ಲ. ದೇವದಾಸರು ಕಂಬಕ್ಕೊರಗಿದ್ದರು. ಸಫ್ರಾಝ್ ಚಾಪೆಯ ಅಂಚಿನಲ್ಲಿದ್ದ. ರಿತೇಶ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕುಳಿತಿದ್ದ. ಬೂಬಜ್ಜನನ್ನು ಕಂಡಾಗ ಅವನು ಎದ್ದು, ಮತ್ತೆ ಕುಳಿತ. ಆಶ್ರಿತಾ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಇಟ್ಟು ಮುಗಿದ ಮೇಲೆ ತೆಗೆದು ಮತ್ತೆ ಇಟ್ಟಳು.

“ನಾನು ಟೈಲರು,” ಎಂದು ಶುರು ಮಾಡಿದರು ಬಾಯಿ. “ನನಗೆ ಕತ್ತರಿಸಿದ ಅಂಚಿಗೂ ಹರಿದ ಅಂಚಿಗೂ ವ್ಯತ್ಯಾಸ ಗೊತ್ತುಂಟು. ಬೇರೆ ಎಂತ ಗೊತ್ತಿಲ್ಲ. ರಿತೇಶನ ವಿಡಿಯೋದಲ್ಲಿ ತೊಗಟೆಯ ಅಂಚು ನೇರ ಇತ್ತು. ಕಲ್ಲಿನಲ್ಲಿ ಗುದ್ದಿದ ಕೆತ್ತೆ ಹಾಗೆ ಬರ್ಲಿಕ್ಕೆ ಸಾಧ್ಯವಾ? ಬೂಬಣ್ಣ, ನೀವೇ ಹೇಳಿ.”

“ಅದು ಕತ್ತಿಯಲ್ಲಿ ತೆಗೆದದ್ದು,” ಎಂದರು ಬೂಬಜ್ಜ. “ಶುಕ್ರವಾರ ಸಂಜೆ ಈ ಮಾಣಿ ಬಂದು, ಅಮಾಸೆಯ ಹಾಗೆ ಮಾಡಿ ತೋರಿಸಿ ಅಜ್ಜ ಅಂದ. ಅಮಾಸೆ ಅಲ್ಲದ ದಿನ ನಾನು ಕಲ್ಲು ಹಿಡೀತೇನಾ? ಕುಡಿಯುವ ಕೆತ್ತೆಗೆ ಕಲ್ಲು. ನಾಟಕದ ಕೆತ್ತೆಗೆ ಕತ್ತಿ ಸಾಕು ಅಂತ ಕತ್ತಿ ಹಾಕಿದೆ. ಮುಂಡಾಸು ಸರಿ ಉಂಟಾ ಅಂತ ಅವನು ನೋಡಿದ, ಕೈಯಲ್ಲಿ ಎಂತ ಉಂಟು ಅಂತ ನೋಡ್ಲಿಲ್ಲ.”

“ಅಮಾಸೆ ಬೆಳಿಗ್ಗೆ?”

“ಅಮಾಸೆಗೆ ನಾನು, ಮರ, ಕಲ್ಲು. ಇವ ಇರ್ಲಿಲ್ಲ.”

ಬಾಯಿ ಮುಂದುವರಿಸಿದರು. “ಮರದಲ್ಲಿ ಗಾಯ ಎರಡು. ಹಳೆಯದು ಕ್ಯಾಮೆರಾಕ್ಕೆ, ಹೊಸದು ಹೊಟ್ಟೆಗೆ. ಕ್ಯಾಮೆರಾದ ಗಡಿಯಾರ ನಾವು ತಿರುಗಿಸಿದ ಕಡೆ ತಿರುಗ್ತದೆ. ನಾಟಕ ಅಂತ ಗೊತ್ತಾಗಿ ಆಶ್ರಿತಾ ಬೈಯಬಾರದು ಅಂತ ಶುಕ್ರವಾರವೇ ತಿರುಗಿಸಿದ್ದು, ಬುಧವಾರಕ್ಕೆ ಸಾಕ್ಷಿಯೂ ಆಯ್ತು. ಸರಿ, ಇವನು ಬಜಗೋಳಿಯಲ್ಲಿ ಇರ್ಲಿಲ್ಲ. ಅಷ್ಟಕ್ಕೇ ಕಳ್ಳ ಆಗುದಿಲ್ಲ. ಯಾಕೆ ಕದಿಯಬೇಕು? ಲೆನ್ಸು ಬಿಟ್ಟು ಅಜ್ಜಿಯನ್ನು ಮಾತ್ರ ಯಾಕೆ?”

ಅವರು ಸಫ್ರಾಝ್‌ನ ಕಡೆ ನೋಡಿದರು. “ಆ ದಿನ ಕ್ಯಾಮೆರಾಕ್ಕೆ ಎಷ್ಟು ಬ್ಯಾಟರಿ ಇತ್ತು?”

“ಒಂದೇ. ಇನ್ನೊಂದನ್ನು ಅವ ಮನೆಯಲ್ಲಿ ಮರೆತಿದ್ದ,” ಎಂದ ಸಫ್ರಾಝ್. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆಯಿತು. “ಅಲ್ಲ ಮಾರಾಯ, ಹಾಗಾದರೆ ಪತ್ರೊಡೆ…?”

“ಅದೇ. ಅಜ್ಜಿ ಮುಖ ಕೇಳಿದಾಗ ಮುಗಿದ ಬ್ಯಾಟರಿ, ಪತ್ರೊಡೆಗೆ ಅರ್ಧ ಗಂಟೆ ನಡೀತು. ಎಲ್ಲರಿಗೂ ಮುಖ ತೋರಿಸುವ ಹುಡುಗ ಅಜ್ಜಿಗೆ ತೋರಿಸ್ಲಿಲ್ಲ. ಯಾಕಂದ್ರೆ ತೋರಿಸ್ಲಿಕ್ಕೆ ಮುಖ ಇರ್ಲಿಲ್ಲ. ಡಿಸ್ಕಿನಲ್ಲೂ ಇಲ್ಲ. ಅಲ್ವಾ ರಿತೇಶ್?”

ರಿತೇಶ್ ತನ್ನ ಹೆಬ್ಬೆರಳನ್ನು ನೋಡಿದ.

“ಒತ್ತಿದೆ ಬಾಯಿ. ಬಿಸಿಲಿತ್ತು, ಕೆಂಪು ದೀಪ ಬಂದದ್ದು ಕಾಣ್ಲಿಲ್ಲ. ಆಗ್ಲಿಲ್ಲ ಅಂತ ಇನ್ನೊಮ್ಮೆ ಒತ್ತಿದೆ, ಅಲ್ಲಿಗೆ ನಿಂತಿತು. ಹಾಡು ಮುಗಿದ ಮೇಲೆ ನಿಲ್ಲಿಸ್ಲಿಕ್ಕೆ ಅಂತ ಒತ್ತಿದಾಗ ಶುರುವಾಯ್ತು.” ಹಾಡುವಷ್ಟು ಹೊತ್ತು ಮಲಗಿದ್ದ ಕ್ಯಾಮೆರಾ ಹಾಡು ಮುಗಿದ ಮೇಲೆ ಎದ್ದಿತ್ತು. “ಅವತ್ತೇ ಹೇಳಿದ್ರೆ ಅಜ್ಜಿ ಇನ್ನೊಮ್ಮೆ ಹಾಡ್ತಿದ್ರು. ನಾಳೆ ಹೇಳ್ತೇನೆ ಅಂತ ಇದ್ದೆ. ನಾಳೆಗೆ ಜ್ವರ ಬಂತು. ಆಮೇಲೆ ಹೇಗೆ ಹೇಳುದು? ಡಿಸ್ಕು ಹೋದ್ರೆ ಕಳ್ಳನ ತಪ್ಪು ಆಗ್ತದೆ. ಇದ್ರೆ ನನ್ನ ತಪ್ಪು.”

“ಎಲ್ಲಿ ಬಿಸಾಡಿದೆ?” ದೇವದಾಸರ ಸ್ವರ ಮೊದಲ ಬಾರಿಗೆ ಸಣ್ಣದಾಗಿತ್ತು. ಪಾಯಸದ ಮಾತು ಅವರಿಗೆ ಮರೆತೇ ಹೋಗಿತ್ತು.

“ಬಿಸಾಡಿಲ್ಲ,” ಎಂದರು ಬಾಯಿ. “ಚೀಲ ಕೊಡು ರಿತೇಶ್. ಇಷ್ಟು ವರ್ಷದಲ್ಲಿ ಯಾವ ಅಮ್ಮನೂ ನೂಲಿನ ಗಂಟನ್ನು ಹೊರಗೆ ಬಿಟ್ಟು ಹೊಲಿದದ್ದು ನಾನು ಕಂಡಿಲ್ಲ. ಇದು ಮೊದಲ ಸಲ ಸೂಜಿ ಹಿಡಿದ ಗಂಡಸಿನ ಕೈ. ಒಳಗೆ ಎಂತಾದರೂ ಇದ್ದರೆ ಹೊಲಿಗೆಯೇ ಹೇಳ್ತದೆ.”

ಕತ್ತರಿಯ ತುದಿಯಿಂದ ನಾಲ್ಕು ಹೊಲಿಗೆ ಬಿಚ್ಚಿದರು. ಲೈನಿಂಗಿನಿಂದ ಡಿಸ್ಕು ಜಾರಿ ಅವರ ಅಂಗೈಗೆ ಬಿತ್ತು. ‘ಅಜ್ಜಿ’ ಎಂಬ ಚೀಟಿ ಹಾಗೆಯೇ ಇತ್ತು.

“ಎಸೀಲಿಕ್ಕೆ ಹೊಳೆಯವರೆಗೆ ಹೋದೆ. ಅವರ ಸ್ವರ ಉಂಟಲ್ಲ ಅದರಲ್ಲಿ,” ಎಂದ ರಿತೇಶ್.

ಆಶ್ರಿತಾ ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿದಳು. ಮೊದಲು ಚಿತ್ರ. ಕೆಸರು, ರಿತೇಶನ ಚಪ್ಪಲಿ, ಓಲಾಡುವ ಆಕಾಶ. ನಡುವೆ ನಾಲ್ಕು ಸೆಕೆಂಡು ಗದ್ದೆಯ ಅಂಚಿನಲ್ಲಿ ಎರಡು ಒದ್ದೆ ಪಾದಗಳು. “ಮಗಾ, ನನ್ನ ಮುಖ ಒಮ್ಮೆ ತೋರಿಸು.” ಅಷ್ಟೇ.

ಆಮೇಲೆ ಸಫ್ರಾಝ್ ಹಿಡಿದ ಸ್ವರ. ಅಪ್ಪಿ ಅಜ್ಜಿ ಗಂಟಲು ಸರಿಮಾಡಿಕೊಂಡು ಎತ್ತಿದರು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಶಬ್ದ ನಿಂತಿತು. ಸಾಲಿನ ಕೊನೆ ಬಂದಾಗ, ಅಂದು ಗದ್ದೆಯಲ್ಲಿದ್ದ ಹೆಂಗಸರೇ ಬೂದಿ ಮೆತ್ತಿದ ಕೈಯಲ್ಲಿ ಬಾಗಿಲಿಗೆ ಬಂದು ನಿಂತು ಓಗೊಟ್ಟರು. ಅಭ್ಯಾಸ ಬಲದಿಂದ, ಮುಖದಲ್ಲಿ ಏನೂ ಇಲ್ಲದೆ. ಹತ್ತೊಂಬತ್ತು ನಿಮಿಷ ಯಾರೂ ಅಳಲಿಲ್ಲ.

ಮುಗಿದಾಗ ಮೂರೂವರೆ. ದೇವದಾಸರು ಕಂಬ ಬಿಟ್ಟು ಬಂದು ಲ್ಯಾಪ್‌ಟಾಪಿನ ಮುಂದೆ ಕುಳಿತರು.

“ಐದಕ್ಕೆ ಕಳಿಸ್ಬೇಕು ಅಂದಿದ್ದೆ ಅಲ್ವಾ? ಕಳಿಸು.”

“ಮಾವ, ಹಾಡಿಗೆ ಚಿತ್ರ ಇಲ್ಲ.”

“ಬೇಡ. ಪತ್ರೊಡೆ, ಬೆಟ್ಟು ಗದ್ದೆ ಎಂತದ್ದೂ ಹಚ್ಚಬೇಡ. ಅಮ್ಮ ಹಾಡುವಾಗ ಅಮ್ಮನೇ ಇರ್ಬೇಕು, ಇಲ್ಲದಿದ್ರೆ ಯಾರೂ ಬೇಡ. ಒಂದು ಸೆಕೆಂಡು ಕತ್ತರಿಸಬಾರದು. ಹಾಗಾದರೆ ಮಾತ್ರ ನನ್ನ ಒಪ್ಪಿಗೆ.”

ಆಶ್ರಿತಾ ಅವರನ್ನು ನೋಡಿದಳು. ಎರಡು ದಿನದಲ್ಲಿ ಅವಳು ಯಾರನ್ನಾದರೂ ನಿಜವಾಗಿ ನೋಡಿದ್ದು ಅದೇ ಮೊದಲು. ಖಾಲಿ ಬಿಟ್ಟಿದ್ದ ಜಾಗಕ್ಕೆ ಅಜ್ಜಿಯ ಸ್ವರ ಹಾಕಿದಳು. ಪರದೆಯನ್ನು ಕಪ್ಪಾಗಿಯೇ ಬಿಟ್ಟಳು. ಸಫ್ರಾಝ್ ಫೋನಿನ ನೆಟ್ಟು ಕೊಟ್ಟ. ಸಿಗ್ನಲಿಗಾಗಿ ಬೂಬಜ್ಜ ಆ ಫೋನನ್ನು ಅಂಗಳದ ನಡುವೆ, ಕೊಡೆಯ ಕೆಳಗೆ ಹಿಡಿದು ನಿಂತರು. ಏನು ಮಾಡಬೇಕೆಂದು ತಿಳಿಯದ ರಿತೇಶ್ ಮುದುಕನಿಗೆ ಆ ಕೊಡೆ ಹಿಡಿದ. ಎರಡು ವರ್ಷದ ಕೆಲಸ ಅಂಗುಲ ಅಂಗುಲವಾಗಿ ಮೇಲೇರಿತು. ನಾಲ್ಕು ನಲವತ್ತೇಳಕ್ಕೆ ಪೂರ್ತಿಯಾಯಿತು. ದೊಡ್ಡ ಹಾಲು, ಕತ್ತಲೆ, ನೂರಾರು ಜನ, ಅಜ್ಜಿಯ ಸ್ವರ: ಅದೆಲ್ಲ ನನಗೆ ಆಗಲೇ ಕಾಣತೊಡಗಿತ್ತು.

ನಾಲ್ಕು ಐವತ್ತೆರಡಕ್ಕೆ ಉತ್ತರ ಬಂತು. ಮನುಷ್ಯರು ಬರೆದದ್ದಲ್ಲ, ಯಂತ್ರವೇ ಕಳಿಸಿದ್ದು. ನಿಯಮ ಹದಿನಾಲ್ಕು: ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆ ಕಪ್ಪಾಗಿರುವ ಚಿತ್ರಗಳನ್ನು ದೋಷಪೂರಿತವೆಂದು ತಿರಸ್ಕರಿಸಲಾಗುವುದು. ಹೊಸದಾಗಿ ತಯಾರಿಸಿ ಕಳಿಸಲು ಮುಕ್ಕಾಲು ಗಂಟೆ ಬೇಕು. ಉಳಿದದ್ದು ಎಂಟು ನಿಮಿಷ.

“ಎಂತಂತೆ?” ಕೇಳಿದರು ದೇವದಾಸರು.

“ಅಜ್ಜಿ ಕಾಣುವುದಿಲ್ಲವಂತೆ ಮಾವ.”

“ಕೇಳ್ತದಲ್ವಾ?”

“ಕೇಳ್ತದೆ,” ಎಂದಳು ಆಶ್ರಿತಾ. “ಅದಕ್ಕೆ ಅವರಲ್ಲಿ ಕಾಲಂ ಇಲ್ಲ.”